ಇನ್ನೂರನೆಯ ತಲೆಮಾರಿನ ಹಿಡಿಕೆ

ಅಂಧೇರಿ,
18-8-1991, ಭಾನುವಾರ

ಪ್ರೀತಿಯ ರಮಾ,

ಕಾಲಿನ ಊತ ಇಳಿಯಿತೇ? ಒಂಬತ್ತು ತಿಂಗಳು ತುಂಬಿದ ಮೇಲೂ ನೀನು ತವರಿನಲ್ಲಿ ಬಾವಿಯ ನೀರು ಸೇದುತ್ತೀಯಂತೆ, ಹೋದ ವಾರ ಬಂದಿದ್ದ ನಿನ್ನ ತಮ್ಮ ಜಯಸಿಂಹ ಹೇಳಿದ. ಬೇಡ ಕಣೇ, ಅತ್ತೆಯವರ ಮಾತು ಕೇಳು. ಅವನ ಕೈಯಲ್ಲಿ ಕಳಿಸಿದ ಡಬ್ಬವನ್ನು ನಾಮಕರಣದ ದಿನವೇ ಬಿಚ್ಚಬೇಕೆಂದಿದ್ದೆ. ಕದ್ದು ನೋಡಿಲ್ಲ ತಾನೇ?

ನಮ್ಮ ಕಂಪನಿಯ ಹೊಸ ಕುಕ್ಕರಿನ ಹಿಡಿಕೆಯನ್ನು ಕಂಪ್ಯೂಟರಿನಿಂದ ಮಾಡಿಸುತ್ತಿದ್ದೆನಲ್ಲ, ಅದು ಮುಗಿಯಿತು. ಮೊದಲು ಅದಕ್ಕೆ ನೂರು ಹಿಡಿಕೆಗಳ ನಕ್ಷೆ ಕೊಟ್ಟೆ. ಹಗುರವಾಗಿಯೂ ಗಟ್ಟಿಯಾಗಿಯೂ ಇರುವುದನ್ನು ಆರಿಸಿ, ಎರಡೆರಡರ ಗುಣ ಬೆರೆಸಿ, ಅಲ್ಲಲ್ಲಿ ಒಂದಿಷ್ಟು ಬದಲಿಸಿ, ಅದು ಮರಿ ಹಿಡಿಕೆಗಳನ್ನು ಹುಟ್ಟಿಸುತ್ತದೆ. ನಿನ್ನ ಅಜ್ಜಿ ಜಾತಕ ಕೂಡಿಸುವುದಕ್ಕಿಂತ ಕಟ್ಟುನಿಟ್ಟು! ಇನ್ನೂರನೆಯ ತಲೆಮಾರಿನಲ್ಲಿ ಬಂದದ್ದನ್ನು ಕಂಡು ಬೀಗಿದೆ. ಬೈಕುಲ್ಲಾದ ವರ್ಕ್‌ಶಾಪಿನಲ್ಲಿ ಅಚ್ಚು ಮಾಡುವ ನಿಂಗಣ್ಣ ಮಾತ್ರ, "ಸಾಹೇಬ್ರ, ಇದರ ಕುತ್ತಿಗಿ ಭಾಳ ಸಣ್ಣ ಆಗೇತ್ರಿ" ಎಂದ. ನಾನು ನಕ್ಕುಬಿಟ್ಟೆ.

ಗುರುವಾರ ಆ ಹಿಡಿಕೆ ಹಾಕಿದ ಮಾದರಿ ಕುಕ್ಕರಿನಲ್ಲಿ ಅನ್ನ ಮಾಡಿದೆ. ಒಂದು ಕೈಯಲ್ಲಿ ಮಸಿಬಟ್ಟೆ, ಇನ್ನೊಂದರಲ್ಲಿ ಕುಕ್ಕರ್ ಎತ್ತಿದರೆ ಹಿಡಿಕೆ ನಿಂಗಣ್ಣ ಹೇಳಿದ ಕುತ್ತಿಗೆಯಲ್ಲೇ ಲಟಕ್ಕೆಂದು ಮುರಿಯಿತು. ಅನ್ನವೆಲ್ಲ ನೆಲದ ಪಾಲು, ಕಾಲು ಸ್ವಲ್ಪದರಲ್ಲಿ ಉಳಿಯಿತು. ಮಾಡಿದ್ದುಣ್ಣೋ ಮಹರಾಯ ಎಂದು ನೀನು ನಗಬಹುದು. ಕುಕ್ಕರನ್ನು ಎರಡೂ ಕಡೆಯ ಹಿಡಿಕೆ ಹಿಡಿದೇ ಎತ್ತುತ್ತಾರೆಂದು ಕಂಪ್ಯೂಟರಿಗೆ ಬರೆದುಕೊಟ್ಟವನು ನಾನೇ. ಅರ್ಧ ಭಾರ ತಡೆದರೆ ಸಾಕೆಂದು ಅದು ಕುತ್ತಿಗೆಯನ್ನು ಸವೆಸುತ್ತಾ ಹೋಯಿತು. ಮೂರು ವರ್ಷ ನೀನು ಒಂದೇ ಕೈಯಲ್ಲಿ ಎತ್ತಿದ್ದನ್ನು ತಟ್ಟೆಯ ಮುಂದೆ ಕೂತು ನೋಡಿದ್ದೇನೆ, ಆದರೂ ಹೊಳೆಯಲಿಲ್ಲ. ಕೂಸು ಕಂಕುಳಿಗೆ ಬಂದ ಮೇಲೆ ನಿನಗೆ ಇನ್ನೊಂದು ಕೈ ಎಲ್ಲಿಂದ ಬರಬೇಕು?

ಕಂಪನಿಯ ಸಾಹೇಬರಿಗೆ ಹೇಳಿದೆ. ಅಚ್ಚು ತಯಾರಾಗಿದೆ, ದೀಪಾವಳಿಗೆ ಮಾಲು ಅಂಗಡಿಗೆ ಹೋಗಲೇಬೇಕಂತೆ. "ದೋ ಸೌ ಪೀಢೀ ಕೇ ಬಾದ್ ಭೀ ಶಕ್? ಸೈನ್ ಕರೋ" ಎಂದರು, ಇನ್ನೂರು ತಲೆಮಾರಾದ ಮೇಲೂ ಅನುಮಾನವೇ ಅಂತ. ನಾಳೆ ಬೆಳಿಗ್ಗೆ ಹತ್ತಕ್ಕೆ ಹಿಡಿಕೆ ಸರಿಯಿದೆಯೆಂದು ಸಹಿ ಹಾಕಬೇಕು, ಇಲ್ಲವಾದರೆ ಕೆಲಸ ಬಿಡಬೇಕು. ಈ ಕೋಣೆಯೂ ಕಂಪನಿಯದೇ. ತೊಟ್ಟಿಲಿಗೆಂದು ಸೂರಿಗೆ ಕೊಕ್ಕೆ ಹೊಡೆಸಿದ್ದೇನೆ. ಅದನ್ನೇ ನೋಡುತ್ತಾ ಕೂತಿದ್ದೇನೆ ರಮಾ, ಯಾವ ಕಡೆಗೂ ದಾರಿ ಕಾಣುತ್ತಿಲ್ಲ.

ಅತ್ತೆ ಮಾವನವರಿಗೆ ನಮಸ್ಕಾರ. ಹೊಟ್ಟೆಯೊಳಗಿನ ಪುಟಾಣಿಗೆ ಅಪ್ಪನ ಮುತ್ತು.

ನಿನ್ನ,
ವೆಂಕಟಸುಬ್ಬಯ್ಯ

ತಾ.ಕ.: ಊರಿಗೆ ಹೊರಟ ಪಕ್ಕದ ಮನೆಯ ಕೇಶವಮೂರ್ತಿಯವರು ಈ ಕಾಗದಕ್ಕಾಗಿ ಬಾಗಿಲಲ್ಲೇ ಕಾದಿದ್ದಾರೆ. ಮೊದಲೇ ಬರೆಯಬೇಕಿತ್ತು, ನಾಚಿಕೆಯಾಯಿತು. ಆ ಡಬ್ಬದಲ್ಲಿರುವುದೂ ಅದೇ ಹಿಡಿಕೆಯ ಕುಕ್ಕರ್. ನಾಮಕರಣಕ್ಕೂ ಬಿಚ್ಚಬೇಡ, ಅತ್ತೆಗೂ ಮುಟ್ಟಲು ಬಿಡಬೇಡ. ನಿನಗೆ ಬೇಡವೆಂದು ಬರೆದ ಈ ಕೈಯಿಂದ ಬೇರೆ ಮನೆಗಳಿಗೆ ಕಳಿಸಲು ಸಹಿ ಹಾಕಲಾರೆ. ತೊಟ್ಟಿಲು ಅಲ್ಲೇ ಕಟ್ಟಿಸು.