ಫುಮಿಕೊ ಕೊಟ್ಟ ಚಾಕ್ಲೆಟ್ಟು

ಪೋರ್ಟ್ ಕ್ರೆಡಿಟ್
16 ಮಾರ್ಚ್ 2025

ಪ್ರೀತಿಯ ತಂಗಿ ಪಂಕಜಾ,

ನೀನೂ ಮಕ್ಕಳೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಕಾಗದ ಸಂಕ್ರಾಂತಿಯ ಹೊತ್ತಿಗೇ ಬಂತು. ಅಕ್ಕನಿಗೆ ಕೊಬ್ಬು, ಉತ್ತರ ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಒಂದು ಕೆಲಸ ಮುಗಿಯಲಿ ಎಂದು ಕಾದಿದ್ದೆ. ಮೊನ್ನೆ ಶುಕ್ರವಾರ ಮುಗಿಯಿತು.

ನಾನೂ ನಿಮ್ಮ ಭಾವನವರೂ ಶುಕ್ರವಾರ ವಯಸ್ಸಾದವರ ವ್ಯಾಯಾಮದ ಕ್ಲಾಸಿಗೆ ಹೋಗುತ್ತೇವಲ್ಲ, ಅಲ್ಲಿ ಹೇಳಿಕೊಡುವವಳು ಫುಮಿಕೊ ಎಂಬ ಜಪಾನಿನ ಹೆಂಗಸು. ಅವಳ ಇಂಗ್ಲಿಷೂ ನನ್ನದರಷ್ಟೇ ಕುಂಟುವುದರಿಂದ ನಮ್ಮಿಬ್ಬರಿಗೆ ಚೆನ್ನಾಗಿ ಹೊಂದುತ್ತದೆ. ವ್ಯಾಲೆಂಟೈನ್ ದಿನ, ಅಂದರೆ ಫೆಬ್ರವರಿ ಹದಿನಾಲ್ಕಕ್ಕೆ, ಅವರ ದೇಶದಲ್ಲಿ ಹೆಂಗಸರೇ ಗಂಡಸರಿಗೆ ಚಾಕ್ಲೆಟ್ ಕೊಡುವುದಂತೆ. ಪರಿಚಯದವರಿಗೆಲ್ಲ ಮುಲಾಜಿಗೆ ಅಂಗಡಿಯದು. ಮನಸ್ಸಿನಲ್ಲಿರುವ ಒಬ್ಬನಿಗೆ ಮಾತ್ರ ಕೈಯಾರೆ ಮಾಡಿದ್ದು. ತಿಂಗಳಾದ ಮೇಲೆ, ಮಾರ್ಚ್ ಹದಿನಾಲ್ಕಕ್ಕೆ, ಗಂಡಸರು ತಿರುಗಿ ಏನಾದರೂ ಕೊಡಬೇಕು. ಇದನ್ನೆಲ್ಲ ಅವಳು ನನಗೆ ಮೊದಲೇ ಹೇಳಿದ್ದಳು.

ವ್ಯಾಲೆಂಟೈನ್ ದಿನ ಕ್ಲಾಸು ಮುಗಿದ ಮೇಲೆ ಅವಳು ಬಾಗಿಲಲ್ಲಿ ನಿಂತು, ಹೊರಡುವ ಗಂಡಸರಿಗೆಲ್ಲ ಒಂದೊಂದು ಪೊಟ್ಟಣ ಕೊಟ್ಟಳು. ಎಲ್ಲರಿಗಿಂತ ಮೊದಲು ಹೊರಬಿದ್ದ ನಿಮ್ಮ ಭಾವ ಹಿಂದೆ ತಿರುಗಿ ನೋಡಲಿಲ್ಲ. ತಮಗೊಬ್ಬರಿಗೇ ಸಿಕ್ಕಿತೆಂದುಕೊಂಡರು. ಏನದು ಎಂದು ಕೇಳಿದ್ದಕ್ಕೆ, "ನಾಲ್ಕನೇ ಕ್ಲಾಸು ಓದಿದವಳಿಗೆ ಇದೆಲ್ಲ ಅರ್ಥ ಆಗಲ್ಲ ಬಿಡು" ಎಂದರು.

ಸರಿ, ಬಿಟ್ಟೆ. ಆಮೇಲೆ ಕಂಪ್ಯೂಟರಿನಲ್ಲಿ ಅರ್ಧಂಬರ್ಧ ಓದಿ, ತಿರುಗಿ ಕೊಡುವ ದಿನ ಯಾವುದೆಂದು ತಿಳಿದುಕೊಂಡರು. ತಲೆಗೆ ಬಣ್ಣ ಬಂತು. ಮಂಡಿನೋವು ಎಲ್ಲಿಗೋ ಓಡಿಹೋಯಿತು. ರೇಷ್ಮೆಯ ಸ್ಕಾರ್ಫೊಂದು ಬಂದು ಬೇಸ್‌ಮೆಂಟಿನ ಕಪಾಟು ಸೇರಿತು. ನಾನು ಒಂದು ಮಾತು ಹೇಳಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಹೇಳಲಿಲ್ಲ. ಅವರ ಕೋಟನ್ನು ಇಸ್ತ್ರಿ ಮಾಡಿಕೊಟ್ಟೆ.

ಮೊನ್ನೆ ಎಲ್ಲರೆದುರು ಸ್ಕಾರ್ಫು ಹಿಡಿದು, ನಿಮ್ಮ ಮನಸ್ಸು ನನಗೆ ಅರ್ಥವಾಯಿತು ಎಂದು ಇಂಗ್ಲಿಷಿನಲ್ಲಿ ಭಾಷಣ ಶುರುಮಾಡಿದರು. ಫುಮಿಕೊ ಪಾಪ, ಕೆಂಪಾಗಿ ನನ್ನ ಕಡೆ ನೋಡಿದಳು. ಬಿಸ್ಕತ್ತಿನ ಡಬ್ಬ ಹಿಡಿದು ಹಿಂದೆಯೇ ನಿಂತಿದ್ದ, ನಮ್ಮ ಜೊತೆ ಕ್ಲಾಸಿಗೆ ಬರುವ ಡಾಕ್ಟರ್ ಕೃಷ್ಣಮೂರ್ತಿ, "ಅಲ್ಲಯ್ಯ ರಾಜಗೋಪಾಲ, ನಮಗೆಲ್ಲಾ ಅದೇ ಚಾಕ್ಲೆಟ್ಟೇ ಕೊಟ್ಟಿದ್ದು. ಅದು ಮುಲಾಜಿಂದು ಕಣಯ್ಯ. ನಿಮ್ಮನೆಯವರೇ ನನಗೆ ಹೇಳಿದ್ರು. ನಿನಗೆ ಹೇಳಲಿಲ್ವಾ?" ಎಂದರು.

"ನಾಲ್ಕನೇ ಕ್ಲಾಸು ಡಾಕ್ಟ್ರೇ, ನನಗೆಲ್ಲಿ ಅರ್ಥ ಆಗತ್ತೆ" ಎಂದೆ.

ನಗು ನಿಲ್ಲಲು ಹೊತ್ತು ಹಿಡಿಯಿತು. ಫುಮಿಕೊ ಸ್ಕಾರ್ಫನ್ನು ಎರಡೂ ಕೈಯಲ್ಲಿ ಹಿಡಿದು, ಬಗ್ಗಿ, ಹಿಂದಕ್ಕೆ ಕೊಟ್ಟಳು. ಆಗಿನಿಂದ ನಿಮ್ಮ ಭಾವನ ವಾಸ ಬೇಸ್‌ಮೆಂಟಿನಲ್ಲೇ. ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಬರುತ್ತೇನೆ. ಸಾರಿಗೆ ಬೇಕೆಂದೇ ಮೆಣಸು ಹೆಚ್ಚು ಹಾಕಿದರೂ ಗೊಣಗುತ್ತಿಲ್ಲ. ನನಗೆ ಇಷ್ಟು ಸುಖವಾದ ನಿದ್ದೆ ಬಂದು ಎಷ್ಟೋ ವರ್ಷವಾಗಿತ್ತು.

ಯುಗಾದಿ ಹತ್ತಿರ ಬಂತು. ಈ ಸಲ ಬೇವನ್ನೆಲ್ಲ ಗಂಡಸರಿಗೇ ಬಡಿಸು. ನಿನಗೂ ಮಕ್ಕಳಿಗೂ ದೇವರು ಬರೀ ಬೆಲ್ಲವನ್ನೇ ಕೊಡಲಿ.

ನಿನ್ನ ಅಕ್ಕ,
ನಾಗವೇಣಿ

ಮರೆತ ವಿಷಯ: ಆ ಫೆಬ್ರವರಿ ಹದಿನಾಲ್ಕರ ಬೆಳಿಗ್ಗೆ ನಾನೂ ಕೊಬ್ಬರಿ ಮಿಠಾಯಿ ಮಾಡಿ ಅವರ ಕಾಫಿಯ ಪಕ್ಕ ಇಟ್ಟಿದ್ದೆ. "ಶುಗರ್ ಇರೋನಿಗೆ ಇದೇನೇ" ಎಂದು ಬಟ್ಟಲನ್ನು ಆಚೆ ಸರಿಸಿದರು. ಅವಳ ಚಾಕ್ಲೆಟ್ಟನ್ನು ಸಂಜೆಯೊಳಗೆ ತಿಂದು ಮುಗಿಸಿದರು. ನನ್ನ ಮಿಠಾಯಿ ಕಲ್ಲಾಗುವ ತನಕ ಮೇಜಿನ ಮೇಲೇ ಇತ್ತು. ಇದೊಂದನ್ನು ಯಾರಿಗೂ ಓದಿ ಹೇಳಬೇಡ.