ಉಂಗುರಕ್ಕೆ ಸುಂಕ, ಮದುವೆಗೆ ಡಂಗುರ

ಕಸ್ಟಮ್ಸ್ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳಲ್ಲಿ ಒಬ್ಬ ಡ್ರೈವಿಂಗ್ ಸ್ಕೂಲ್ ಮೇಡಂ ಪತ್ರಿಕೆಯ ಮೂಲಕ ಮಾಡುವ ಬಹಿರಂಗ ಅರಿಕೆ.

ನನ್ನ ಮದುವೆಯ ಸುದ್ದಿಯನ್ನು ನನಗಿಂತ ಮೊದಲೇ ನನ್ನ ಮಗಳಿಗೆ ಮುಟ್ಟಿಸಿದ್ದಕ್ಕಾಗಿ ತಮ್ಮ ಇಲಾಖೆಗೆ ಧನ್ಯವಾದ ಹೇಳಬೇಕೋ ದೂರು ಕೊಡಬೇಕೋ ತಿಳಿಯದೆ ಕೆಲವು ದಿನ ಸುಮ್ಮನಿದ್ದೆ. ಯೋಚಿಸಿ ನೋಡಿದ ಮೇಲೆ ದೂರೇ ಸರಿ ಅನ್ನಿಸಿತು. ಹೊರದೇಶದಿಂದ ಬಂದ ವಸ್ತುವಿಗೆ ಸುಂಕ ವಸೂಲಿ ಮಾಡುವುದು ತಮ್ಮ ಕೆಲಸ. ಮನೆಮನೆಗೆ ಮದುವೆಯ ಕರೆಯೋಲೆ ಹಂಚುವುದು ಯಾವ ಕಾಯಿದೆಯ ಯಾವ ಕಲಮಿನಲ್ಲಿದೆ?

ನಾನು ಗಂಡನನ್ನು ಕಳೆದುಕೊಂಡವಳು. ಐವತ್ತು ದಾಟಿ ಎಷ್ಟೋ ಕಾಲವಾಯಿತು. ಈ ಊರಿನ ಅರ್ಧ ಜನಕ್ಕೆ ಕಾರು ಕಲಿಸಿದ್ದೇನೆ. ಕಳೆದ ವರ್ಷ ನನ್ನಲ್ಲಿ ಕಲಿಯಲು ಒಬ್ಬ ಹಡಗಿನ ಅಡುಗೆಯವರು ಬಂದರು. ಅವರೂ ಬಹಳ ವರ್ಷಗಳಿಂದ ಒಂಟಿ. ನಡುಸಮುದ್ರದ ಬಿರುಗಾಳಿಯಲ್ಲೂ ಪಾತ್ರೆಯಿಂದ ಒಂದು ತೊಟ್ಟು ಚೆಲ್ಲದ ಮನುಷ್ಯ, ರಿವರ್ಸ್ ಗೇರ್ ಹಾಕಿದ ಕೂಡಲೇ ಕೈಕಾಲು ಬಿಡುತ್ತಿದ್ದರು. ನನ್ನ ಕಾಂಪೌಂಡಿಗೆ ಗುದ್ದಿದ ದಿನ ಅವರೇ ನನಗೆ ಸಮಾಧಾನ ಹೇಳಿದರು: "ಏನ್ ಮಾಡೋದು ಮೇಡಂ, ಹಡಗಿಗೆ ಗೋಡೆ ಅಡ್ಡ ಬರಲ್ಲ." ನಕ್ಕು ನಕ್ಕು ನನ್ನ ಕಣ್ಣಲ್ಲಿ ನೀರು ಬಂತು. ಗಂಡ ಹೋದ ಮೇಲೆ ನಾನು ಹಾಗೆ ನಕ್ಕಿದ್ದು ಅದೇ ಮೊದಲು. ಮುಂದಿನದನ್ನು ತಾವು ಊಹಿಸಬಲ್ಲಿರಿ. ಊಹಿಸುವ ಶ್ರಮವೂ ಬೇಡ, ತಮ್ಮ ವೆಬ್‌ಸೈಟಿನಲ್ಲೇ ಇದೆ.

ಕೊನೆಯ ಸಲ ಹಡಗು ಹತ್ತಿದವರು ದೂರದ ಬಂದರಿನಿಂದ ಒಂದು ಜೊತೆ ಉಂಗುರ ಕಳಿಸಿದರು. ತಮ್ಮ ಇಲಾಖೆ ಅದನ್ನು ತಡೆದು, 'ತರಿಸಿಕೊಂಡ ಉದ್ದೇಶ ತಿಳಿಸಿ' ಎಂದಿತು. ಸರ್ಕಾರಕ್ಕೆ ಸುಳ್ಳು ಹೇಳಬಾರದೆಂದು ನಂಬಿ ಬೆಳೆದವಳು ನಾನು. 'ಹಡಗಿನ ಅಡುಗೆಯವರನ್ನು ಮದುವೆಯಾಗಲು' ಎಂದು ಬರೆದೆ. ಬರೆಯುವಾಗ ಕಿವಿ ಬಿಸಿಯಾಯಿತು, ಏಕೆಂದರೆ ಆ ಮಾತನ್ನು ಅಲ್ಲಿಯವರೆಗೆ ಯಾರ ಮುಂದೆಯೂ ಬಾಯಿಬಿಟ್ಟು ಆಡಿರಲಿಲ್ಲ. ಯಾರೋ ಒಬ್ಬ ಅಧಿಕಾರಿ ಓದಿ, ಮುದ್ರೆ ಒತ್ತಿ, ಮರೆತುಬಿಡುತ್ತಾರೆ ಎಂದುಕೊಂಡೆ. ಎಂಥ ಪೆದ್ದಿ! ತಮ್ಮ ಸುಂಕ ಪಾವತಿಯ ವೆಬ್‌ಸೈಟಿನಲ್ಲಿ ಯಾರದೇ ಫೋನ್ ನಂಬರ್ ಒತ್ತಿದರೂ ಅವರ ಪುಟ ತೆರೆದುಕೊಳ್ಳುತ್ತದಂತೆ. ಕಳಿಸಿದವರು ಯಾರು, ಒಳಗೇನಿದೆ, ಯಾಕೆ ತರಿಸಿದ್ದು, ಮನೆ ಎಲ್ಲಿ, ಎಲ್ಲವೂ ಬಟಾಬಯಲು. ಪಾಸ್‌ವರ್ಡ್ ಇಲ್ಲ, ಒಟಿಪಿ ಇಲ್ಲ. ನನ್ನ ನಂಬರೋ, ಕಾರಿನ ಬೆನ್ನ ಮೇಲೆ ಮೊಳದುದ್ದದ ಅಂಕಿಗಳಲ್ಲಿದೆ ಸ್ವಾಮಿ. ಸಿಗ್ನಲ್ಲಿನಲ್ಲಿ ನನ್ನ ಹಿಂದೆ ನಿಂತು ಬೇಸರಗೊಂಡ ಯಾರು ಬೇಕಾದರೂ ನನ್ನ ಮದುವೆಯ ವಿಷಯ ಓದಿ ಹೊತ್ತು ಕಳೆಯಬಹುದು.

ಮೊದಲು ಓದಿದವರು ನಮ್ಮ ಮಹಡಿ ಮನೆಯ ಅಕ್ಕ. ತಮ್ಮ ಪಾರ್ಸೆಲ್ ಹುಡುಕುತ್ತಾ, ಇವಳದೂ ಏನಾದರೂ ಇದೆಯೇನೋ ಎಂದು ನನ್ನ ನಂಬರನ್ನೂ ಒತ್ತಿದರಂತೆ. ಕೆಟ್ಟವರಲ್ಲ, ಸಂತೋಷದ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದವರು, ಅಷ್ಟೆ. ನನ್ನ ಮಗಳು ಆಸ್ಪತ್ರೆಯಲ್ಲಿ ನರ್ಸ್. ಅವಳ ಹತ್ತಿರ ಬಿಪಿ ನೋಡಿಸಿಕೊಳ್ಳಲು ಹೋದ ಅಕ್ಕ, ತೋಳಿಗೆ ಪಟ್ಟಿ ಸುತ್ತಿಸಿಕೊಳ್ಳುತ್ತಲೇ, "ಅಮ್ಮನ ಮದುವೆ ಯಾವಾಗಮ್ಮ?" ಎಂದು ಕೇಳಿದರು. ಅಕ್ಕನ ಬಿಪಿ ಸರಿಯಾಗೇ ಇತ್ತು. ಏರಿದ್ದು ಮಗಳದು.

ಭಾನುವಾರ ಅವಳ ಮನೆಗೆ ಹೋಗಿ, ಮೊಮ್ಮಗಳು ಮಲಗಿದ ಮೇಲೆ, ನಿಧಾನವಾಗಿ ಹೇಳಬೇಕೆಂದಿದ್ದೆ. ಕನ್ನಡಿಯ ಮುಂದೆ ಅಭ್ಯಾಸ ಕೂಡ ಮಾಡಿದ್ದೆ. ಅಷ್ಟರಲ್ಲಿ ಅವಳೇ ಆಸ್ಪತ್ರೆಯ ಸಮವಸ್ತ್ರದಲ್ಲಿ ಬಂದು ಬಾಗಿಲಲ್ಲಿ ನಿಂತಳು.

"ನಿಜಾನಾ ಅಮ್ಮ?"

"ನಿಜ ಕಣೇ. ನಿಂಗೆ ಹೇಳೋಣ ಅಂತಾನೇ..."

"ಮದುವೆ ಆಗ್ಬೇಡ ಅಂದೋರು ಯಾರು? ಅಪ್ಪ ಹೋದ್ಮೇಲೆ ನಿಂಗೆ ನಾನು, ನಂಗೆ ನೀನು ಅಂತ ಇದ್ವಿ. ಕಸ್ಟಮ್ಸ್‌ನೋರಿಗೆ ಹೇಳೋಕಾಯ್ತು, ನಂಗೆ ಹೇಳೋಕಾಗ್ಲಿಲ್ವಾ?"

ಹೊರಟೇಹೋದಳು. ದಿನಾ ಫೋನ್ ಮಾಡುತ್ತಿದ್ದವಳು ನಿಲ್ಲಿಸಿಬಿಟ್ಟಳು. ನಾನು ಪಾಠದ ನಡುವೆ ಬ್ರೇಕ್ ಎನ್ನುವಲ್ಲಿ ಕ್ಲಚ್ ಎನ್ನತೊಡಗಿದೆ.

ಕಡೆಗೆ ತಮ್ಮ ಕಚೇರಿಗೆ ಬಂದೆ. ಗಾಜಿನ ಹಿಂದಿದ್ದ ಗುಮಾಸ್ತರು ಮರ್ಯಾದಸ್ಥರು. "ಇದು ಪಾರದರ್ಶಕತೆ ಮೇಡಂ, ಜನಕ್ಕೆ ಅನುಕೂಲ ಆಗ್ಲಿ ಅಂತ ಮಾಡಿರೋದು," ಎಂದರು.

"ಹಾಗಾದ್ರೆ ನಿಮ್ಮ ಸಾಹೇಬರ ನಂಬರ್ ಕೊಡಿ. ಅವರಿಗೇನು ಬಂದಿದೆ ನೋಡ್ತೀನಿ."

"ಅಯ್ಯೋ, ಅದನ್ನೆಲ್ಲ ಕೊಡೋ ಹಾಗಿಲ್ಲ. ಪರ್ಸನಲ್ ಅಲ್ವಾ?"

ನೋಡಿ, ವಿಷಯ ತಮ್ಮ ಗುಮಾಸ್ತರಿಗೇ ಎಷ್ಟು ಚೆನ್ನಾಗಿ ಗೊತ್ತಿದೆ! ಪಾರದರ್ಶಕತೆ ಎಂದರೆ ಕಚೇರಿಯ ಲೆಕ್ಕ ಜನಕ್ಕೆ ಕಾಣಬೇಕು ಎಂದು ನಾನು ತಿಳಿದಿದ್ದೆ. ಜನರ ಮನೆಯೊಳಗು ಬೀದಿಗೆ ಕಾಣಬೇಕು ಎಂದು ಅದರ ಅರ್ಥವೇ? ನನ್ನದು ಹೋಗಲಿ, ಮದುವೆಯ ವಿಷಯ, ನಾಲ್ಕು ಜನ ನಕ್ಕು ಸುಮ್ಮನಾಗುತ್ತಾರೆ. ಯಾರಿಗೂ ಹೇಳದ ಕಾಯಿಲೆಗೆ ಮದ್ದು ತರಿಸಿಕೊಂಡವರ ಗತಿಯೇನು? ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬೇರೆ ಮನೆ ಮಾಡಿದ ಹೆಣ್ಣುಮಗಳ ವಿಳಾಸ ಆ ಗಂಡನಿಗೇ ಸಿಕ್ಕಿದರೆ, ಅದನ್ನೂ ಅನುಕೂಲ ಎನ್ನುತ್ತೀರಾ? ನನ್ನಿಂದ ತಾವು ಕಿತ್ತುಕೊಂಡದ್ದು ಒಂದೇ ಒಂದು. ಒಬ್ಬ ತಾಯಿ ತನ್ನ ಮಗಳ ಪಕ್ಕ ಕೂತು, ಅವಳ ಕೈ ಹಿಡಿದು ಹೇಳಬೇಕಾಗಿದ್ದ ಮಾತು. ಅದನ್ನು ಯಾವ ರಸೀದಿಯ ಮೇಲೆ ವಾಪಸು ಕೊಡುತ್ತೀರಿ?

ಉಂಗುರ ಬಿಡಿಸಿಕೊಳ್ಳಲು ಹೊರಟ ಬೆಳಿಗ್ಗೆ ಮಗಳು ನನ್ನ ಕಾರಿನ ಪಕ್ಕ ನಿಂತಿದ್ದಳು. ಮುಖ ಬಿಗಿದುಕೊಂಡೇ, "ಒಬ್ಳೇ ಹೋಗ್ತೀಯಾ?" ಎಂದು ಕೇಳಿ ಬಾಗಿಲು ತೆಗೆದು ಕೂತಳು. ಪಾರ್ಸೆಲ್ ಕೌಂಟರಿನಲ್ಲಿದ್ದವರು ತುಂಬಿದ ಹಾಲಿಗೆಲ್ಲ ಕೇಳುವಂತೆ ಓದತೊಡಗಿದರು: "ಉಂಗುರ ಎರಡು, ಉದ್ದೇಶ, ಹಡಗಿನ ಅಡುಗೆಯವರನ್ನು..."

"ಅಷ್ಟು ಸಾಕು ಸಾರ್," ಎಂದಳು ಮಗಳು. "ಉಳಿದಿದ್ದು ನಮ್ಮನೆ ವಿಷಯ."

ವಾಪಸು ಬರುವಾಗ ಪಾರ್ಸೆಲನ್ನು ತೊಡೆಯ ಮೇಲಿಟ್ಟುಕೊಂಡು, "ಅವರನ್ನ ಏನಂತ ಕರೀಲಿ?" ಎಂದು ಕೇಳಿದಳು. ನಾನು ಕಾರನ್ನು ಪಕ್ಕಕ್ಕೆ ಹಾಕಿ ನಿಲ್ಲಿಸಬೇಕಾಯಿತು. ರಸ್ತೆ ಕಾಣಿಸುತ್ತಿರಲಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನನ್ನ ಪುಟವನ್ನು ನಾನೇ ತೆರೆಯುತ್ತಿದ್ದೇನೆಂದು ಖಾತ್ರಿಯಾಗದೆ ಯಾರಿಗೂ ತೋರಿಸಬೇಡಿ. ಸುಂಕ ಕಟ್ಟಲು ಬೇಕಾದಷ್ಟೇ ಕೇಳಿ, ಕೆಲಸ ಮುಗಿದ ಮೇಲೆ ಅಳಿಸಿಹಾಕಿ. ಕೌಂಟರಿನಲ್ಲಿ ಮನಸ್ಸಿನಲ್ಲೇ ಓದಿಕೊಳ್ಳಲು ಹೇಳಿ. ಈ ಪತ್ರವನ್ನು ಅಚ್ಚಿಗೆ ಕೊಡುವ ಮೊದಲು ನಾನು ಮಗಳನ್ನೂ ಅಡುಗೆಯವರನ್ನೂ ಮಹಡಿಯ ಅಕ್ಕನನ್ನೂ ಒಪ್ಪಿಗೆ ಕೇಳಿದ್ದೇನೆ. ಕೇಳುವುದು ಅಂಥ ಕಷ್ಟದ ಕೆಲಸವೇನಲ್ಲ.

ಮದುವೆಯ ದಿನ ಗೊತ್ತಾಗಿದೆ. ತಮ್ಮನ್ನೂ ಕರೆಯುವ ಮನಸ್ಸಿದೆ. ಆದರೆ ತಾರೀಖನ್ನು ಇಲ್ಲಿ ಬರೆಯಲಾರೆ. ಮಗಳು ಡ್ಯೂಟಿ ಮುಗಿಸಿ ಬರಲಿ, ಮೊದಲು ಅವಳಿಗೆ ಹೇಳಬೇಕು.

ಇಂತಿ,
ಈ ಸಲ ಬಾಯಿಗೆ ಬೀಗ ಹಾಕಿಕೊಂಡು ಕೂತಿರುವ
ಮದುಮಗಳು