ಅಜ್ಜಿಯ ಕಡತದ ಕೊನೆಯ ನಮೂದು

...“ನೀವು ಕೇಳದೇ ಇದ್ದಿದ್ರೆ ಸಿಕ್ತಿತ್ತು” ಎಂದೋ, “ಸುಮ್ನಿದ್ದಿದ್ರೆ ತಾನಾಗೇ ಸಿಕ್ತಿತ್ತು” ಎಂದೋ, ನಿಮ್ಮ ಕಚೇರಿಯ ಕಿಟಕಿಯ ಹಿಂದೆ ಕೂತಿದ್ದವರು ಹೇಳಿದರು. ಮಾತು ಸರಿಯಾಗಿ ನೆನಪಿಲ್ಲ, ಅರ್ಥ ಮರೆಯುವಂಥದ್ದಲ್ಲ. ಮಾನ್ಯ ದಾಖಲೆಪಾಲಕರೇ, ಮುಚ್ಚಿಹೋದ ಆಸ್ಪತ್ರೆಗಳ ಕಡತಗಳನ್ನು ಕಾಯುವುದು ನಿಮ್ಮ ಕೆಲಸ. ಅವುಗಳಲ್ಲೊಂದು ನನ್ನ ಅಜ್ಜಿಯದು. ಅದನ್ನು ತೋರಿಸಿ ಎಂದು ನಾವು ಕೇಳಿದಾಗಲೆಲ್ಲ ನೀವು ಅದನ್ನು ಮತ್ತೆ ಐವತ್ತು ವರ್ಷ ಮುಚ್ಚಿಡುತ್ತೀರಿ. ನನ್ನ ದೂರು ಇಷ್ಟೇ.

ಅಜ್ಜಿ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಗುಂಡಿ ಹಾಕುತ್ತಿದ್ದಳು. ತಾತ ಅಲ್ಲೇ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಿದ್ದ. ನನ್ನ ಅಮ್ಮನಿಗೆ ಆರು ವರ್ಷವಿದ್ದಾಗ ಅಜ್ಜಿ ಮೊದಲು ಮಾತು ಬಿಟ್ಟಳು, ಆಮೇಲೆ ಊಟ ಬಿಟ್ಟಳು. ಮಾನಸಿಕ ರೋಗಿಗಳ ಆಸ್ಪತ್ರೆಯ ವ್ಯಾನು ಬಂತು. ಹತ್ತುವ ಮುಂಚೆ, ಎಷ್ಟೋ ದಿನಗಳ ಮೇಲೆ ಬಾಯಿ ತೆರೆದು, “ತಂತಿ ಮೇಲಿನ ಬಟ್ಟೆ ಒಣಗೋಷ್ಟರಲ್ಲಿ ಬಂದ್ಬಿಡ್ತೀನಿ” ಎಂದಳಂತೆ. ಆ ಬಟ್ಟೆಗಳನ್ನು ಅಮ್ಮ ಯಾರಿಗೂ ಮುಟ್ಟಗೊಡಲಿಲ್ಲ. ಕೊನೆಗೆ ಅವಳ ಸೋದರತ್ತೆ ಬೈದು, ತೆಗೆದು, ಮಡಿಚಿಟ್ಟಳು. ಚಳಿಗಾಲ ಮುಗಿಯುವ ಮೊದಲೇ ಆಸ್ಪತ್ರೆ ಮುಚ್ಚಿತು. ರೋಗಿಗಳನ್ನು ಎಲ್ಲೆಲ್ಲಿಗೋ ಸಾಗಿಸಿದರು. ಯಾರನ್ನು ಎಲ್ಲಿಗೆ ಎಂಬುದು ಅವರವರ ಕಡತದಲ್ಲಿದೆ, ಬೇರೆಲ್ಲೂ ಇಲ್ಲ.

ತಾತ ಮನೆಯಲ್ಲಿ ಅವಳ ಸುದ್ದಿ ಎತ್ತಿದವನಲ್ಲ. ಮೆಷಿನ್‌ಗಳ ಜೊತೆ ಆಡಿದಷ್ಟು ಮಾತನ್ನು ಮನುಷ್ಯರ ಜೊತೆ ಆಡಿದವನೂ ಅಲ್ಲ. “ಹೆಂಡ್ತಿ ಹೋದ್ಲು ಅಂದ್ರೆ ಸೂಜಿ ಮುರೀತು ಅನ್ನೋ ಹಾಗಿದ್ದ” ಎಂದು ಅಮ್ಮ ಹೇಳುತ್ತಿದ್ದಳು. ಅವನು ಸತ್ತ ದಿನ ಅವಳು ಅಳಲಿಲ್ಲ. ಬಂದವರಿಗೆಲ್ಲ ಕಾಫಿ ಮಾಡಿಕೊಟ್ಟಳು, ಲೋಟಗಳನ್ನು ತೊಳೆದಿಟ್ಟಳು.

ಈಗ ಅಮ್ಮನಿಗೆ ಎಂಬತ್ತಮೂರು. ಹೋದ ಬೇಸಿಗೆಯಲ್ಲಿ, “ಅವಳನ್ನ ಎಲ್ಲಿಗೆ ಕಳಿಸಿದ್ರು ಅಂತ ನೋಡ್ಕೊಂಡು ಬಾರೋ, ನಾನು ಹೊರಡೋದ್ರೊಳಗೆ” ಎಂದಳು. ಬಸ್ಸಿಗೆ ಹೊರಡುವವಳ ಹಾಗೆ ಹೇಳಿದಳು. ನಾನು ಅರ್ಜಿ ಹಾಕಿದೆ. ತಿಂಗಳು ಬಿಟ್ಟು ಬಂದು ಕಿಟಕಿಯ ಮುಂದೆ ನಿಂತೆ.

“ಕಡೇ ನಮೂದು ಆಗಿ ಐವತ್ತು ವರ್ಷ ಆಗ್ಬೇಕು ಸರ್. ನಿಮ್ದು ಕಡೇ ನಮೂದು ಹೋದ ತಿಂಗಳದ್ದು.”

“ಹೋದ ತಿಂಗಳು ಏನಾಯ್ತು?”

“ನೀವು ಅರ್ಜಿ ಹಾಕಿದ್ರಲ್ಲ.”

“ಹಾಗಾದ್ರೆ ಅರ್ಜಿ ವಾಪಸ್ ತಗೊಳ್ತೀನಿ ಮೇಡಂ.”

“ತಗೊಳ್ಳಿ, ಧಾರಾಳವಾಗಿ. ಅದಕ್ಕೂ ಒಂದು ಅರ್ಜಿ ಕೊಡ್ಬೇಕು.”

ಅವರು ತಮಾಷೆ ಮಾಡುತ್ತಿರಲಿಲ್ಲ. ಪಾಪ, ನನ್ನ ಮುಖ ನೋಡಿ ಕಡತದ ಹೊದಿಕೆಯನ್ನು ನನ್ನ ಕಡೆ ತಿರುಗಿಸಿದರು. ಅದರ ಮೇಲೆ ಅರ್ಜಿದಾರರ ಸಹಿಗಳಿದ್ದವು. “ಇದೊಂದೇ ನಿಮ್ದು. ಮೇಲಿನವೆಲ್ಲ ಇನ್ಯಾರೋ ಯಜಮಾನ್ರದು. ವರ್ಷಕ್ಕೊಂದು. ಪುಣ್ಯಾತ್ಮ, ಒಂದ್ವರ್ಷಾನೂ ತಪ್ಪಿಸಿಲ್ಲ.”

ಆ ಸಹಿ ನನಗೆ ಗೊತ್ತು. ನನ್ನ ಶಾಲೆಯ ಅಂಕಪಟ್ಟಿಗಳ ಮೇಲೆಲ್ಲ ಅದೇ ಇದೆ.

“ನಮ್ಮ ತಾತ. ತೀರ್ಕೊಂಡು ನಲವತ್ಮೂರು ವರ್ಷ ಆಯ್ತು.”

ಅವರು ಬೆರಳು ಮಡಿಚಿ ಲೆಕ್ಕ ಹಾಕಿದರು. “ಅಯ್ಯೋ, ಇನ್ನೇಳು ವರ್ಷ ಸುಮ್ನಿರಬಾರದಿತ್ತಾ?”

ಮಾನ್ಯರೇ, ಅತ್ತ ಮಗುವಿಗೆ ಹಾಲು ಎಂದು ನಾನು ಕೇಳಿ ಬೆಳೆದವನು. ನಿಮ್ಮಲ್ಲಿ ಅತ್ತ ಮಗುವನ್ನು ಎತ್ತಿ ಸಾಲಿನ ಕೊನೆಗೆ ನಿಲ್ಲಿಸುತ್ತೀರಿ. ಯಾರೂ ಕೇಳಿಕೊಂಡು ಬಾರದವರ ಕಡತಗಳು ನಿಮ್ಮ ಓದುವ ಕೋಣೆಯಲ್ಲಿ ಎಂದೋ ತೆರೆದುಕೊಂಡಿವೆ, ಅವುಗಳನ್ನು ಓದುವವರಿಲ್ಲ. ಕೇಳುವವರು ಇದ್ದವರ ಕಡತಗಳಿಗೆ ದಾರ ಸುತ್ತಿದೆ. ಇದು ರೋಗಿಯ ಗೌಪ್ಯತೆಗಾಗಿ ಎಂದು ಗೋಡೆಯ ಮೇಲೆ ಚೌಕಟ್ಟು ಹಾಕಿ ತೂಗುಹಾಕಿದ್ದೀರಿ. ಒಪ್ಪಿದೆ. ಅಜ್ಜಿಯನ್ನು ವ್ಯಾನಿಗೆ ಹತ್ತಿಸುವಾಗ ಇಡೀ ಬೀದಿ ಬಾಗಿಲಲ್ಲಿ ನಿಂತು ನೋಡಿತಂತೆ. ಅಂದು ಎಲ್ಲಿತ್ತೋ ಈ ಗೌಪ್ಯತೆ, ಇಂದು ಅವಳ ಮಗಳ ಕಣ್ಣಿಗೆ ಮಾತ್ರ ಅಡ್ಡ ನಿಂತಿದೆ. ಮತ್ತೂ ಒಂದು ಸಂದೇಹ. ಕೊನೆಯ ನಮೂದು ರೋಗಿಯ ಬದುಕಿನದಾಗಿರಬೇಕಲ್ಲವೇ? ಅವಳು ಎದ್ದಳು, ಉಂಡಳು, ಹೋದಳು ಎಂಬುದು ನಮೂದು. ಅವಳೆಲ್ಲಿ ಎಂದು ಹೊರಗೆ ನಿಂತು ಇನ್ನೊಬ್ಬ ಕೇಳಿದ್ದು ಅವಳ ಕಾಯಿಲೆಯ ಲಕ್ಷಣ ಹೇಗಾದೀತು?

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಮೇಜಿನ ಬಟ್ಟೆಯ ಅಂಚನ್ನು ನೀವಿದಳು.

“ಹಾಳಾದ ಮನುಷ್ಯ” ಎಂದಳು. “ನಂಗೊಂದು ಮಾತು ಹೇಳೋಕೆ ಅವನಿಗೇನು ರೋಗ ಬಂದಿತ್ತು?”

ಆಮೇಲೆ ಊಟಕ್ಕೆ ಕೂತಾಗ, ನಾನು ಬೇರೇನೋ ಮಾತಾಡುತ್ತಿದ್ದಾಗ, “ಪ್ರತಿ ವರ್ಷಾನಾ?” ಎಂದಳು.

“ಪ್ರತಿ ವರ್ಷ.”

“ಹೂಂ” ಎಂದು ತಟ್ಟೆ ನೋಡಿದಳು. ಅಷ್ಟೂ ವರ್ಷ ತಾತನ ಮೇಲೆ ಹೊರಿಸಿದ್ದನ್ನು ಇನ್ನು ಎಲ್ಲಿ ಇಳಿಸಬೇಕೋ ಅವಳಿಗೆ ತಿಳಿದಂತಿರಲಿಲ್ಲ. ಅಜ್ಜಿಯನ್ನು ಹುಡುಕಿ ಬಾ ಎಂದು ಕಳಿಸಿದಳು. ನಾನು ಅವಳ ಅಪ್ಪನನ್ನು ಹುಡುಕಿಕೊಂಡು ಬಂದಿದ್ದೆ. ಈ ಉಪಕಾರವಾದರೂ ನಿಮ್ಮ ಕಚೇರಿಯಿಂದ ಆಯಿತು ಎಂದು ಇಲ್ಲಿ ಕೃತಜ್ಞತೆಯಿಂದ ದಾಖಲಿಸುತ್ತೇನೆ.

ನನ್ನ ಬೇಡಿಕೆ ದೊಡ್ಡದಲ್ಲ. ಬಂಧುಗಳ ಅರ್ಜಿಯನ್ನು ನಮೂದೆಂದು ಎಣಿಸುವುದನ್ನು ನಿಲ್ಲಿಸಿ, ಅಮ್ಮ ಕನ್ನಡಕ ಹಾಕಿ ಓದಬಲ್ಲ ದಿನಗಳಲ್ಲೇ ಕಡತವನ್ನು ತೆರೆಯಿರಿ. ಅದು ಆಗದಿದ್ದರೆ ಅಜ್ಜಿಯನ್ನು ಎಲ್ಲಿಗೆ ಕಳಿಸಿದಿರಿ ಎಂಬ ಒಂದೇ ಸಾಲನ್ನು ಓದಿ ಹೇಳಿ; ಉಳಿದದ್ದನ್ನು ನೀವೇ ಇಟ್ಟುಕೊಳ್ಳಿ. ಈ ಪತ್ರ ನಿಮ್ಮ ವಿಳಾಸಕ್ಕೆ ಬಾರದೆ ಪತ್ರಿಕೆಯಲ್ಲಿ ಬಂದದ್ದೇಕೆ ಎಂಬುದು ಇಷ್ಟರಲ್ಲಿ ಹೊಳೆದಿರುತ್ತದೆ. ಕೈಮುಗಿದು ಕೇಳುತ್ತೇನೆ, ಇದನ್ನು ಕತ್ತರಿಸಿ ಆ ಕಡತಕ್ಕೆ ಮಾತ್ರ ಸೇರಿಸಬೇಡಿ.

ಇಂತಿ,
ಕೇಳಿ ಕೆಡಿಸಿಕೊಂಡ ಮೊಮ್ಮಗ

ವಿ.ಸೂ.: ಇದು ನಿಮಗಲ್ಲ, ಅವಳಿಗೆ. ಅಜ್ಜಿ, ನಿನ್ನ ಮನೆಯವರು ಕೇಳ್ತಾನೇ ಇದ್ದಾರೆ ಅಂತ ಅಲ್ಲಿ ಯಾರಾದರೂ ನಿನಗೆ ಹೇಳಿದ್ದರಾ?